ಮೂರು ಅಂಗುಲದ ಎತ್ತರ

ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್ ನಗರ. ಡಿಸೆಂಬರಿನ ಬೆಳಗು, ಗಂಟೆ ಹತ್ತಾದರೂ ಸೂರ್ಯದರ್ಶನವಿಲ್ಲ. ರೊಟ್ಟಿಯಂಗಡಿಯ ಮುಂದೆ ಪುಟ್ಟ ಕಾರುಗಳು ಸಾಲಾಗಿ ನಿಂತಿವೆ. ಆ ಸಾಲಿನ ನಡುವೆ, ಮೇಕೆಗಳ ಹಿಂಡಿನಲ್ಲಿ ಹೊಕ್ಕ ಆನೆಮರಿಯಂತೆ, ಒಂದು ಟೊಯೋಟಾ ಟ್ರಕ್ಕು. ಅದರ ಮೈಯೇನೋ ನಮ್ಮೂರಿನ ರಸ್ತೆಗಳಲ್ಲಿಯೂ ಕಾಣಸಿಗುವ ಸಾಧಾರಣ ಮೈ. ಗಾಲಿಗಳು ಮಾತ್ರ ಬೇರಾವುದೋ ಯಂತ್ರದಿಂದ ಕಡ ತಂದಂತಿವೆ. ನಿಂತ ಆಳಿನ ಸೊಂಟವನ್ನು ಮುಟ್ಟುವ, ೩೮ ಅಂಗುಲ ಎತ್ತರದ ಟೈರುಗಳು! ಕೈಯಲ್ಲಿ ರೊಟ್ಟಿಯ ಪೊಟ್ಟಣ ಹಿಡಿದ ಗೃಹಿಣಿಯೊಬ್ಬಳು ಅಂಗಡಿಯಿಂದ ಬಂದು, ಏಣಿ ಹತ್ತುವವಳಂತೆ ಕಾಲೆತ್ತಿ ಒಳಗೆ ಕುಳಿತು, ಏನೂ ವಿಶೇಷವಿಲ್ಲವೆಂಬಂತೆ ವಾಹನವನ್ನು ನಡೆಸಿಕೊಂಡು ಹೋಗುತ್ತಾಳೆ. ಆ ಊರಿನಲ್ಲಿ ಇದು ದಿನನಿತ್ಯದ ನೋಟ.

ನೋಡುವವರ ಮನಸ್ಸಿನಲ್ಲಿ ಸಹಜವಾಗಿ ಏಳುವ ಪ್ರಶ್ನೆ ಒಂದುಂಟು. ೨೮ ಅಂಗುಲದ ಟೈರಿಗೆಂದು ಕಾರ್ಖಾನೆಯವರು ಅಳೆದು ಮಾಡಿದ ಗೂಡಿನಲ್ಲಿ ಇಷ್ಟು ದೊಡ್ಡ ಟೈರು ಹಿಡಿದುದಾದರೂ ಹೇಗೆ? ಎತ್ತಿನ ಗಾಡಿಗಾದರೆ ಈ ತೊಡಕಿಲ್ಲ. ಗಾಲಿ ಗಾಡಿಯ ಹೊರಗಿರುತ್ತದೆ, ಬೇಕಾದಷ್ಟು ದೊಡ್ಡದನ್ನು ಹಾಕಬಹುದು. ಮೋಟಾರು ವಾಹನದ ಗಾಲಿ ಮಡ್‌ಗಾರ್ಡಿನ ಕಮಾನಿನ ಒಳಗೆ ಕುಳಿತಿದೆ. ಅದು ಹಳ್ಳ ಬಿದ್ದಾಗ ಮೇಲೆ ಕೆಳಗೆ ಆಡಬೇಕು. ಮುಂದಿನವು ಎಡಕ್ಕೂ ಬಲಕ್ಕೂ ಹೊರಳಬೇಕು. ದೊಡ್ಡ ಟೈರು ತೊಡಿಸಿದರೆ ಮೊದಲ ತಿರುವಿನಲ್ಲಿಯೇ ಅದು ತಗಡನ್ನು ಉಜ್ಜುತ್ತದೆ; ಮೊದಲ ಗುಂಡಿಯಲ್ಲಿಯೇ ತಗಡು ಟೈರನ್ನು ಕೊಯ್ಯುತ್ತದೆ. ಗಾಲಿಗೆ ಜಾಗ ಬೇಕಾದರೆ ಮೈ ಮೇಲೇಳಬೇಕು. ಈ ಮೈ ಎತ್ತುವ ಕೆಲಸಕ್ಕೆ ಮೋಟಾರು ಪ್ರಪಂಚದಲ್ಲಿ ‘ಬಾಡಿ ಲಿಫ್ಟ್’ ಎಂದು ಹೆಸರು.

ಎರಡು ಜೀವಗಳ ಒಂದು ವಾಹನ

ಹೊರಗಿನಿಂದ ನೋಡುವವರಿಗೆ ಟ್ರಕ್ಕೆಂಬುದು ಒಂದೇ ವಸ್ತು. ನಿಜದಲ್ಲಿ ಅದು ಎರಡು. ಕೆಳಗಿರುವುದು ಉಕ್ಕಿನ ಅಡಿಚೌಕಟ್ಟು. ಉದ್ದನೆಯ ಎರಡು ತೊಲೆಗಳು, ಅವುಗಳಿಗೆ ಅಡ್ಡಪಟ್ಟಿಗಳು. ಇಂಜಿನು, ಗೇರುಪೆಟ್ಟಿಗೆ, ಅಚ್ಚುಗಳು, ಸ್ಪ್ರಿಂಗುಗಳು, ಪೆಟ್ರೋಲಿನ ತೊಟ್ಟಿ ಇವೆಲ್ಲವೂ ಈ ಚೌಕಟ್ಟಿನ ಪರಿವಾರ. ಮೇಲಿರುವುದು ಮೈ: ಚಾಲಕ ಕೂರುವ ಕೋಣೆ, ಹಿಂದಿನ ಸಾಮಾನು ತೊಟ್ಟಿ, ಬಾನೆಟ್ಟು, ಬಾಗಿಲು. ಎರಡಕ್ಕೂ ನಡುವೆ ಹತ್ತಕ್ಕೆ ಮೇಲ್ಪಟ್ಟ ಕಡೆಗಳಲ್ಲಿ ರಬ್ಬರಿನ ದಿಂಬುಗಳನ್ನಿಟ್ಟು ಬೋಲ್ಟುಗಳಿಂದ ಬಿಗಿದಿರುತ್ತಾರೆ. ರಸ್ತೆಯ ಏಟು ಚೌಕಟ್ಟಿಗೆ. ಮೈಗೆ ಮುಟ್ಟುವುದು ರಬ್ಬರು ಸೋಸಿ ಬಿಟ್ಟಷ್ಟೇ. ಪಲ್ಲಕ್ಕಿಯನ್ನು ಹೊರುವವರ ಹೆಗಲಿನ ಮೇಲೆ ಮಡಿಸಿಟ್ಟ ವಸ್ತ್ರವಿರುತ್ತದಲ್ಲವೆ, ಹಾಗೆ.

ನಮ್ಮ ಮಲೆನಾಡಿನ ಕಾಫಿ ತೋಟಗಳ ಏರಿಗಳನ್ನು ಹತ್ತಿದ ಮಹೀಂದ್ರಾ ಜೀಪು ಈ ಜಾತಿಯದೇ. ಅದರ ಮನೆತನದ ಬೊಲೆರೊ, ಥಾರ್, ಟಾಟಾದವರ ಸುಮೊ ಇವೂ ಅಷ್ಟೆ. ನಗರದ ಸಣ್ಣ ಕಾರುಗಳಲ್ಲಿ ಮೈಯೂ ಚೌಕಟ್ಟೂ ಒಂದೇ ಎರಕದಂತೆ ಬೆಸೆದುಕೊಂಡಿರುವುದರಿಂದ, ಅವುಗಳ ಮೈಯನ್ನು ಎತ್ತುವ ಪ್ರಶ್ನೆಯೇ ಏಳುವುದಿಲ್ಲ. ಆತ್ಮವನ್ನು ದೇಹದಿಂದ ಬೇರೆ ಮಾಡಿ ಮತ್ತೆ ಕೂಡಿಸುವುದು ಎಲ್ಲರಿಗೂ ಸಾಧ್ಯವೆ?

ಟ್ರಕ್ಕಿನಲ್ಲಿ ಮಾತ್ರ ಅದು ಸಾಧ್ಯ. ಬೋಲ್ಟು ಬಿಚ್ಚಿ, ಮೈಯನ್ನು ಎತ್ತಿ, ರಬ್ಬರು ದಿಂಬಿನ ಜೊತೆಗೆ ಎರಡು ಅಥವಾ ಮೂರು ಅಂಗುಲ ದಪ್ಪದ ಗಟ್ಟಿ ಬಿಲ್ಲೆಯೊಂದನ್ನಿಟ್ಟು, ಉದ್ದನೆಯ ಹೊಸ ಬೋಲ್ಟಿನಿಂದ ಬಿಗಿದರೆ ಕೆಲಸ ಮುಗಿಯಿತು. ಕೇಳುವುದಕ್ಕೆ ಇಷ್ಟೆ. ಅಮೆರಿಕದಲ್ಲಿ ಇದನ್ನು ಗೃಹಸ್ಥರು ಶನಿವಾರ ಭಾನುವಾರಗಳಲ್ಲಿ ತಮ್ಮ ಮನೆಯಂಗಳದಲ್ಲಿಯೇ ಮಾಡಿ ಮುಗಿಸುವುದುಂಟು. ಜಗತ್ತಿನ ಉಳಿದೆಡೆ ಹೈಲಕ್ಸ್ ಎಂದು ಪ್ರಖ್ಯಾತವಾದ ಟೊಯೋಟಾ ವಾಹನ ೧೯೮೦ರ ದಶಕದ ಅಮೆರಿಕದಲ್ಲಿ ಬರಿಯ ‘ಟೊಯೋಟಾ ಪಿಕಪ್’ ಎಂಬ ಹೆಸರಿನಿಂದ ಮಾರಾಟವಾಗುತ್ತಿತ್ತು. ೧೯೮೫ರಲ್ಲಿ ತೆರೆಕಂಡ ‘ಬ್ಯಾಕ್ ಟು ದಿ ಫ್ಯೂಚರ್’ ಚಲನಚಿತ್ರದ ತರುಣ ನಾಯಕ ಆಸೆಗಣ್ಣಿನಿಂದ ನೋಡುವುದು ಅಂಥದೇ ಒಂದು ಕಪ್ಪು ಟ್ರಕ್ಕನ್ನು. ಆ ಕಾಲದ ಅದೆಷ್ಟು ಹುಡುಗರ ಮೊದಲ ಸಂಬಳ ಇಂಥ ಹಳೆಯ ಟ್ರಕ್ಕಿಗೂ, ಅದರ ಮೂರು ಅಂಗುಲದ ಬಿಲ್ಲೆಗಳಿಗೂ, ೩೩ ಅಂಗುಲದ ಟೈರುಗಳಿಗೂ ಸಂದಿತೋ!

ಅಂಗಳದಲ್ಲಿ ಶಸ್ತ್ರಚಿಕಿತ್ಸೆ

ಕೆಲಸ ಆರಂಭವಾಗುವುದು ಬ್ಯಾಟರಿಯ ತಂತಿಯನ್ನು ಕಳಚುವುದರಿಂದ. ಆಮೇಲೆ ಬೋಲ್ಟುಗಳ ಸರದಿ. ಹತ್ತಾರು ವರ್ಷ ಕೆಸರು ನೀರು ಕುಡಿದ ಬೋಲ್ಟು ತುಕ್ಕಿನಿಂದ ಕಲ್ಲಾಗಿರುತ್ತದೆ. ಅನುಭವಸ್ಥರು ಎರಡು ದಿನ ಮುಂಚೆಯೇ ಅದಕ್ಕೆ ಎಣ್ಣೆ ಉಣಿಸತೊಡಗುತ್ತಾರೆ. ಆತುರಗಾರರು ಉದ್ದ ಕೊಳವೆ ಸಿಕ್ಕಿಸಿದ ಸ್ಪಾನರಿನಿಂದ ಒತ್ತಿ ತಿರುಗಿಸುತ್ತಾರೆ; ಬೋಲ್ಟಿನ ತಲೆ ಮುರಿಯುತ್ತದೆ, ಇಲ್ಲವೆ ಕೋಣೆಯ ನೆಲದೊಳಗೆ ಬೆಸುಗೆ ಹಾಕಿದ ನಟ್ಟು ಕಿತ್ತುಕೊಂಡು ಬೋಲ್ಟಿನೊಡನೆ ತಾನೂ ಗಿರಗಿರನೆ ತಿರುಗತೊಡಗುತ್ತದೆ. ಆಗ ನೆಲದ ತಗಡನ್ನೇ ಕೊಯ್ದು ನಟ್ಟನ್ನು ಹಿಡಿಯಬೇಕು. ಒಂದು ದಿನದ ಕೆಲಸ ಒಂದು ವಾರವಾಗುವುದು ಇಲ್ಲಿಯೇ.

ಎರಡು ಪಕ್ಕಗಳ ಬೋಲ್ಟುಗಳನ್ನೂ ಒಮ್ಮೆಗೇ ತೆಗೆಯುವಂತಿಲ್ಲ. ಒಂದು ಪಕ್ಕದವನ್ನು ಸಡಿಲಿಸಿ ಬಿಟ್ಟು, ಇನ್ನೊಂದು ಪಕ್ಕದವನ್ನು ಪೂರ್ತಿ ತೆಗೆದು, ಜ್ಯಾಕಿನ ಮೇಲೆ ಮರದ ಹಲಗೆಯನ್ನಿಟ್ಟು ಮೈಯನ್ನು ಕೂದಲೆಳೆ ಕೂದಲೆಳೆಯಾಗಿ ಮೇಲೆತ್ತುತ್ತಾರೆ. ಹಲಗೆಯಿಲ್ಲದಿದ್ದರೆ ತಗಡು ತಪ್ಪಲೆಯಂತೆ ನೆಗ್ಗುತ್ತದೆ. ಮೈ ಎದ್ದು ನಿಂತಾಗ ಚೌಕಟ್ಟಿಗೂ ಅದಕ್ಕೂ ನಡುವೆ ಕತ್ತಲೆಯ ಒಂದು ಸಂದು ತೆರೆಯುತ್ತದೆ. ಆ ಸಂದಿನೊಳಗೆ ಕೈಯಿಡುವ ಗಳಿಗೆಯೇ ಅತ್ಯಂತ ಎಚ್ಚರದ ಗಳಿಗೆ. ಜ್ಯಾಕು ಜಾರಿದರೆ ಬೆರಳುಗಳ ಗತಿಯೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದಲೇ ತಿಳಿದವರು ಮೊದಲು ಮರದ ಗುಂಡುಗಳನ್ನು ಆಸರೆಗಿಟ್ಟು, ಅನಂತರ ಬಿಲ್ಲೆಯನ್ನು ಕೋಲಿನಿಂದ ಒಳಕ್ಕೆ ತಳ್ಳುತ್ತಾರೆ.

ಬಿಲ್ಲೆ ಯಾವುದರದು ಎಂಬುದೂ ಮುಖ್ಯವೇ. ಗಟ್ಟಿ ನೈಲಾನ್, ಪಾಲಿಯುರಿಥೇನ್, ಅಲ್ಯೂಮಿನಿಯಂ ಇವುಗಳಿಂದ ಮಾಡಿದವು ಅಂಗಡಿಯಲ್ಲಿ ದೊರೆಯುತ್ತವೆ. ಉತ್ತರ ಅಮೆರಿಕದ ಬಡ ಹುಡುಗರು ಹಿಮದ ಹಾಕಿ ಆಟದ ‘ಪಕ್’ ಎಂಬ ಬಿಲ್ಲೆಯನ್ನೇ ಇದಕ್ಕೆ ಬಳಸಿದ್ದಾರೆ. ಅದು ಮೂರಂಗುಲ ಅಗಲ, ಒಂದಂಗುಲ ದಪ್ಪದ ಗಡುಸು ರಬ್ಬರು. ನಡುವೆ ತೂತು ಕೊರೆದರೆ ಅಳತೆ ಮಾಡಿ ತಂದಂತೆ ಕೂರುತ್ತದೆ. ಒಂದು ಪಕ್ ಇಟ್ಟಾಗ ಜಾಣತನವೆನಿಸಿದ್ದು ಮೂರನ್ನು ಒಂದರ ಮೇಲೊಂದು ಪೇರಿಸಿದಾಗ ಮೂರ್ಖತನವಾಗುತ್ತದೆ. ಪೇರಿಸಿದ ಬಿಲ್ಲೆಗಳು ಪಕ್ಕದ ಏಟಿಗೆ ಜಾರುತ್ತವೆ, ಬೋಲ್ಟು ಬಾಗುತ್ತದೆ. ವಾಹನಕ್ಕೆ ಯಾವುದಾದರೂ ಢಿಕ್ಕಿ ಹೊಡೆದರೆ ಮೈಯನ್ನು ಚೌಕಟ್ಟಿಗೆ ಹಿಡಿದಿಡುವುದು ಈ ಬೋಲ್ಟುಗಳೇ ಎಂಬುದನ್ನು ನೆನೆದರೆ, ನಾಲ್ಕು ಕಾಸು ಉಳಿಸಿದ ಲಾಭ ಎಂಥದೆಂದು ತಿಳಿಯುತ್ತದೆ.

ಆದರೆ ಮೈಯನ್ನು ಎತ್ತುವುದು ಕೆಲಸದ ಸುಲಭ ಭಾಗವೆಂದೇ ಹೇಳಬೇಕು. ಮೈ ಮತ್ತು ಚೌಕಟ್ಟುಗಳು ಬೋಲ್ಟುಗಳಿಂದ ಮಾತ್ರ ಕೂಡಿಕೊಂಡಿಲ್ಲ. ಕೊಳವೆ, ತಂತಿ, ಸರಳು, ಕೇಬಲ್ಲುಗಳ ನೂರು ನಂಟುಗಳು ಎರಡನ್ನೂ ಹೆಣೆದಿವೆ. ಕಾರ್ಖಾನೆಯಲ್ಲಿ ಅವುಗಳ ಉದ್ದವನ್ನು ಅಳೆದವನು, ಮುಂದೊಂದು ದಿನ ಯಾವನೋ ಮೈಯನ್ನು ಮೂರಂಗುಲ ಎತ್ತಿಯಾನೆಂದು ಊಹಿಸಿರಲಿಲ್ಲ. ಅಂಗಳದ ಕುಶಲಿ ಮೈಯನ್ನು ಎತ್ತುವಾಗಲೆಲ್ಲ ಕೈದೀಪ ಹಿಡಿದು ಇವೊಂದೊಂದನ್ನೂ ನೋಡುತ್ತ ಹೋಗಬೇಕು. ಯಾವುದು ಬಿಗಿಯುತ್ತಿದೆ, ಯಾವುದು ನರಳುತ್ತಿದೆ ಎಂದು.

ಚಾಲಕನ ಕೈಯಲ್ಲಿರುವ ಸ್ಟಿಯರಿಂಗ್ ಚಕ್ರ ಮೈಗೆ ಸೇರಿದ್ದು. ಗಾಲಿಯನ್ನು ಹೊರಳಿಸುವ ಸ್ಟಿಯರಿಂಗ್ ಪೆಟ್ಟಿಗೆ ಚೌಕಟ್ಟಿಗೆ ಸೇರಿದ್ದು. ಎರಡನ್ನೂ ಕೂಡಿಸುವ ಸರಳು ಒಂದರೊಳಗೊಂದು ಸರಿದಾಡುವ ಎರಡು ತುಂಡುಗಳದು. ಮೈ ಮೇಲೆದ್ದಾಗ ಒಳತುಂಡು ಹೊರಕ್ಕೆ ಸರಿಯುತ್ತದೆ, ಹಿಡಿತದ ಉದ್ದ ಕಡಿಮೆಯಾಗುತ್ತದೆ. ಇದಕ್ಕೆಂದೇ ನಡುವೆ ಸೇರಿಸುವ ಉಕ್ಕಿನ ತುಂಡೊಂದುಂಟು. ಅದನ್ನು ಹಾಕದೆ, ‘ಹೇಗೂ ತಿರುಗುತ್ತಿದೆಯಲ್ಲ’ ಎಂದು ಸಮಾಧಾನಪಟ್ಟುಕೊಂಡವನು ಅಂಗಳದಲ್ಲಿ ಎಷ್ಟು ಸಲ ತಿರುಗಿಸಿ ನೋಡಿದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಲ್ಲುದಾರಿಯಲ್ಲಿ ಚೌಕಟ್ಟು ತಿರುಚಿಕೊಂಡು, ಮೈ ಒಂದು ಕಡೆಗೆ ವಾಲಿದ ಕ್ಷಣದಲ್ಲಿ ಆ ಸರಳು ಕಳಚಿದರೆ, ಚಾಲಕನ ಕೈಯಲ್ಲಿ ಚಕ್ರವಿರುತ್ತದೆ. ಗಾಲಿಗಳು ಮಾತ್ರ ಅವನ ಮಾತು ಕೇಳುವುದಿಲ್ಲ. ಪಕ್ಕದಲ್ಲಿ ಹೆಂಡತಿ, ಹಿಂದೆ ಮಕ್ಕಳು ಕುಳಿತಿರುವ ವಾಹನದಲ್ಲಿ ಇದಕ್ಕಿಂತ ಭಯಂಕರವಾದುದನ್ನು ಊಹಿಸುವುದು ಕಷ್ಟ.

ಬ್ರೇಕಿನ ಎಣ್ಣೆಯ ಮೂಲ ಮೈಯ ಗೋಡೆಯ ಮೇಲಿದೆ; ಅಲ್ಲಿಂದ ಹೊರಟ ಉಕ್ಕಿನ ನಾಳಗಳು ಚೌಕಟ್ಟಿನ ಗುಂಟ ಗಾಲಿಗಳಿಗೆ ಹೋಗುತ್ತವೆ. ಅವುಗಳಲ್ಲಿರುವ ಸುರುಳಿಯನ್ನು ಮೆಲ್ಲನೆ ಬಿಡಿಸಿ ಉದ್ದ ಒದಗಿಸಬೇಕೇ ಹೊರತು ಎಳೆದು ಹಿಗ್ಗಿಸಬಾರದು. ಕೈಬ್ರೇಕಿನ ಕೇಬಲ್ಲೂ ಹಾಗೆಯೇ. ಪೆಟ್ರೋಲು ಹೊಯ್ಯುವ ಬಾಯಿ ಮೈಯ ಪಕ್ಕದಲ್ಲಿ, ತೊಟ್ಟಿ ಚೌಕಟ್ಟಿನಲ್ಲಿ. ನಡುವಣ ರಬ್ಬರು ಕೊಳವೆ ಬಿಗಿದು ಬಿರುಕು ಬಿಟ್ಟರೆ ಪೆಟ್ರೋಲು ತೊಟ್ಟಿಕ್ಕುವುದು ಬಿಸಿಯಾದ ಹೊಗೆಕೊಳವೆಯ ನೆರೆಯಲ್ಲಿ. ಇನ್ನು ರೇಡಿಯೇಟರಿನ ಕಥೆ ವಿನೋದದ್ದು. ರೇಡಿಯೇಟರು ಮೈಯೊಡನೆ ಮೂರಂಗುಲ ಮೇಲೆ ಹೋಯಿತು, ಬೀಸಣಿಗೆ ಇಂಜಿನ್ನಿನೊಡನೆ ಕೆಳಗೇ ಉಳಿಯಿತು. ಬೀಸಣಿಗೆಯ ಸುತ್ತಣ ತಗಡಿನ ಬಳೆ ರೇಡಿಯೇಟರಿಗೆ ಸೇರಿದ್ದಾದ್ದರಿಂದ, ಇಂಜಿನ್ನು ಹೊತ್ತಿಸಿದೊಡನೆ ಬೀಸಣಿಗೆ ಬಳೆಗೆ ಬಡಿದು ಇಡೀ ಬೀದಿಗೆ ಕೇಳುವಂತೆ ಡೋಲು ಬಾರಿಸುತ್ತದೆ. ರೇಡಿಯೇಟರನ್ನು ಪಟ್ಟಿಗಳ ಸಹಾಯದಿಂದ ಮತ್ತೆ ಕೆಳಗಿಳಿಸಬೇಕು. ಅಥವಾ ಬಳೆಯನ್ನು ಕೊಯ್ಯಬೇಕು. ಗೇರಿನ ದಂಡವೂ ಗೇರುಪೆಟ್ಟಿಗೆಯೊಡನೆ ಕೆಳಗೆ ಉಳಿದು, ನೆಲದ ತೂತಿನ ಅಂಚಿಗೆ ತಾಗುತ್ತದೆ. ಕೆಲವು ಗೇರುಗಳು ಬೀಳುವುದೇ ಇಲ್ಲ, ಬಿದ್ದರೂ ನಿಲ್ಲುವುದಿಲ್ಲ. ಇಂಜಿನ್ನಿಗೂ ಮೈಗೂ ಇರುವ ಒಂದು ಜುಜುಬಿ ತಾಮ್ರದ ಹೆಣಿಗೆ ಹರಿದುಹೋದರೆ, ದೀಪಗಳು ಒಮ್ಮೆ ಹತ್ತಿ ಒಮ್ಮೆ ಆರಿ ಯಜಮಾನನನ್ನು ತಿಂಗಳುಗಟ್ಟಲೆ ಕಾಡುತ್ತವೆ.

ಎಲ್ಲ ಮುಗಿದ ಮೇಲೆ ನಿಂತು ನೋಡಿದರೆ, ಬಂಪರು ಚೌಕಟ್ಟಿನಲ್ಲಿಯೇ ಉಳಿದು ಮೈಗೂ ಅದಕ್ಕೂ ನಡುವೆ ಸಂದು ಬಿಟ್ಟಿರುತ್ತದೆ; ಪಕ್ಕದಿಂದ ಚೌಕಟ್ಟಿನ ತೊಲೆಗಳು ಬತ್ತಲೆಯಾಗಿ ಕಾಣುತ್ತವೆ. ಮಳೆನೀರಿನಲ್ಲಿ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿದ ಮಹಾಶಯನಂತೆ ಟ್ರಕ್ಕು ನಿಂತಿರುತ್ತದೆ. ಅಂದವೆಂದು ಹೇಳಲಾಗದು.

ಲೆಕ್ಕದ ಪುಟ

ಇಷ್ಟು ಪರಿಶ್ರಮದಿಂದ ದೊರೆತುದೇನು? ಇಲ್ಲಿ ಹಲವರು ಮೋಸಹೋಗುತ್ತಾರೆ. ಮೈಯನ್ನು ಮೂರಂಗುಲ ಎತ್ತಿದರೆ ವಾಹನ ಮೂರಂಗುಲ ಎತ್ತರದ ಬಂಡೆಯನ್ನು ಹೆಚ್ಚಾಗಿ ದಾಟಬಲ್ಲುದೆಂದು ಅವರ ನಂಬಿಕೆ. ಬಂಡೆಗೆ ತಾಗುವುದು ಮೈಯಲ್ಲ, ಅಚ್ಚಿನ ನಡುವಿನ ಗೋಳ. ಮೈ ಎಷ್ಟೇ ಎದ್ದರೂ ಅದು ಇದ್ದಲ್ಲಿಯೇ ಇರುತ್ತದೆ. ಅದನ್ನು ಎತ್ತಬಲ್ಲುದು ಟೈರೊಂದೇ. ಅದೂ ತನ್ನ ಹೆಚ್ಚಳದ ಅರ್ಧದಷ್ಟು. ೨೮ ಅಂಗುಲದ ಟೈರು ತೆಗೆದು ೩೩ ಅಂಗುಲದ್ದು ಹಾಕಿದರೆ ಅಚ್ಚು ಮೇಲೇಳುವುದು ಎರಡೂವರೆ ಅಂಗುಲ. ಟೈರು ಬದಲಿಸದೆ ಮೈ ಮಾತ್ರ ಎತ್ತಿದವನು ಕಟ್ಟೆ ಹತ್ತಿ ನಿಂತು ತಾನು ಬೆಳೆದೆನೆಂದು ತಿಳಿದ ಬಾಲಕನಂತೆ.

ಮೈ ಎತ್ತುವ ಕ್ರಮಕ್ಕೆ ಒಂದು ಸದ್ಗುಣವೂ ಉಂಟು. ಸ್ಪ್ರಿಂಗುಗಳನ್ನು ಎತ್ತರಿಸುವ ಮತ್ತೊಂದು ಕ್ರಮದಲ್ಲಿ ಇಂಜಿನ್ನು, ಚೌಕಟ್ಟು ಎಲ್ಲವೂ ಮೇಲಕ್ಕೆ ಹೋಗುತ್ತವೆ, ಗಾಲಿಗೆ ಶಕ್ತಿ ಒಯ್ಯುವ ದಂಡಗಳ ಕೋನ ಕೆಡುತ್ತದೆ. ಇಲ್ಲಿ ಭಾರವಾದುದೆಲ್ಲ ಕೆಳಗೇ ಉಳಿಯುತ್ತದೆ. ಆದರೂ ಬಿಟ್ಟಿಯಾಗಿ ದೊರೆಯುವುದು ಯಾವುದೂ ಇಲ್ಲ. ಎರಡು ಪಕ್ಕದ ಗಾಲಿಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿ ಬಂದ ಸಂಖ್ಯೆಯೇ ವಾಹನ ಉರುಳದೆ ನಿಲ್ಲುವ ಶಕ್ತಿಯ ಅಳತೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ೨೦೦೧ರ ಮಾದರಿಯ ವಾಹನಗಳಿಂದ ಮೊದಲುಗೊಂಡು ಇದನ್ನು ಆಧರಿಸಿ ಶ್ರೇಣಿ ಕೊಡತೊಡಗಿತು. ಉದಾಹರಣೆಗೆ ಅಂತರ ೬೦ ಅಂಗುಲ, ಗುರುತ್ವಕೇಂದ್ರದ ಎತ್ತರ ೨೬ ಅಂಗುಲ ಎಂದಿಟ್ಟುಕೊಳ್ಳೋಣ: ಉತ್ತರ ಸುಮಾರು ೧.೧೫. ದೊಡ್ಡ ಟೈರು ಇಡೀ ವಾಹನವನ್ನು ಎರಡೂವರೆ ಅಂಗುಲ ಎತ್ತಿ, ಮೈಯ ಏರಿಕೆ ಇನ್ನೊಂದಂಗುಲ ಸೇರಿಸಿದರೆ, ಅದು ೧.೦೨ಕ್ಕೆ ಇಳಿಯುತ್ತದೆ. ತಿರುವಿನಲ್ಲಿ ಹಠಾತ್ತನೆ ಚಕ್ರ ಹೊರಳಿಸಿದವನಿಗೆ ಈ ಅಲ್ಪ ವ್ಯತ್ಯಾಸದ ಅರ್ಥ ಮನದಟ್ಟಾಗುತ್ತದೆ.

ವೇಗಮಾಪಕವೂ ಸುಳ್ಳು ಹೇಳಲಾರಂಭಿಸುತ್ತದೆ. ಗಾಲಿಯ ಸುತ್ತುಗಳನ್ನು ಎಣಿಸುವುದಷ್ಟೇ ಅದಕ್ಕೆ ಗೊತ್ತು. ಸುತ್ತು ದೊಡ್ಡದಾದುದು ಅದಕ್ಕೆ ತಿಳಿಯದು. ಮುಳ್ಳು ೬೦ ತೋರಿಸುವಾಗ ವಾಹನ ೭೦ ದಾಟಿರುತ್ತದೆ. ಬ್ರೇಕು ಹಳೆಯದೇ ಆದರೂ ನೆಲದ ಮೇಲೆ ಅದರ ಹಿಡಿತ ನೂರಕ್ಕೆ ಹದಿನೈದು ಪಾಲು ಕುಗ್ಗಿರುತ್ತದೆ. ವೇಗವನ್ನು ಕಡಿಮೆಯೆಂದು ತಿಳಿಯುವುದು, ನಿಲ್ಲುವ ಶಕ್ತಿಯನ್ನು ಹೆಚ್ಚೆಂದು ತಿಳಿಯುವುದು. ಒಂದೇ ವಾಹನದಲ್ಲಿ ಈ ಎರಡು ಭ್ರಮೆಗಳು! ಇಂಜಿನ್ನಿಗೂ ದೊಡ್ಡ ಗಾಲಿ ಉರುಳಿಸುವುದು ಹೊರೆ. ಅದಕ್ಕಾಗಿಯೇ ಬಲ್ಲವರು ಅಚ್ಚಿನೊಳಗಿನ ೪.೧೦ ಪ್ರಮಾಣದ ಹಲ್ಲುಚಕ್ರಗಳನ್ನು ತೆಗೆದು ೪.೮೮ರವನ್ನು ಹಾಕಿಸುತ್ತಾರೆ. ದೀಪಗಳನ್ನು ಕೆಳಕ್ಕೆ ಬಾಗಿಸುವುದನ್ನೂ ಮರೆಯಬಾರದು. ಇಲ್ಲವಾದರೆ ಎದುರಿನಿಂದ ಬರುವವನ ಕಣ್ಣಿಗೆ ನೇರವಾಗಿ ಬಾಣ ಬಿಟ್ಟಂತೆ.

ಹಿಮದ ಮೇಲೆ ಮಣೆಯಿಟ್ಟು

ಹೀಗಿರುವಾಗ ಐಸ್‌ಲೆಂಡಿನವರು ಇದಕ್ಕೆ ಮನಸೋತುದೇಕೆ? ಅಲ್ಲಿ ಇದು ಶೋಕಿಯಾಗಿ ಬೆಳೆಯಲಿಲ್ಲ. ಆ ದ್ವೀಪದ ಹತ್ತರಲ್ಲೊಂದು ಪಾಲು ಹಿಮನದಿಗಳಿಂದ ಮುಚ್ಚಿದೆ. ಒಳನಾಡು ಲಾವಾ ಮರುಭೂಮಿ; ಸೇತುವೆಗಳಿಲ್ಲದ ಹೊಳೆಗಳು. ಎರಡನೆಯ ಮಹಾಯುದ್ಧದಲ್ಲಿ, ೧೯೪೦ರಲ್ಲಿ ಬ್ರಿಟಿಷರೂ ಮರುವರ್ಷ ಅಮೆರಿಕನ್ನರೂ ಬಂದಿಳಿದಾಗ, ಸೈನ್ಯದೊಡನೆ ಜೀಪೂ ಬಂದಿತು. ರೈತರು ಅದನ್ನು ಕುದುರೆಯಂತೆ ಪ್ರೀತಿಸಿದರು. ಆದರೆ ಚಳಿಗಾಲದ ಆಳ ಹಿಮದಲ್ಲಿ ಜೀಪು ಹೂತುಹೋಗುತ್ತಿತ್ತು. ೧೯೮೦ರ ದಶಕದ ಹೊತ್ತಿಗೆ ಅಲ್ಲಿಯ ಕುಶಲಿಗಳಿಗೆ ಒಂದು ಉಪಾಯ ಕೈಗೂಡಿತ್ತು: ದೊಡ್ಡ ಟೈರು ಹಾಕಿ, ಅದರ ಗಾಳಿಯನ್ನು ಬಹುಪಾಲು ಬಿಟ್ಟುಬಿಡುವುದು.

ಲೆಕ್ಕ ಸುಲಭವಾಗಿದೆ. ೨,೪೦೦ ಕಿಲೋ ತೂಕದ ವಾಹನದ ಒಂದೊಂದು ಗಾಲಿಯ ಮೇಲೆ ಬೀಳುವ ಭಾರ ಸುಮಾರು ೧,೩೨೦ ಪೌಂಡು. ಟೈರಿನಲ್ಲಿ ಚದರ ಅಂಗುಲಕ್ಕೆ ೩೦ ಪೌಂಡಿನ ಒತ್ತಡವಿದ್ದರೆ ಅದು ನೆಲವನ್ನು ಒತ್ತುವ ಜಾಗ ೪೪ ಚದರ ಅಂಗುಲ; ಎರಡು ಅಂಗೈಗಳಷ್ಟು. ಒತ್ತಡವನ್ನು ೩ ಪೌಂಡಿಗೆ ಇಳಿಸಿದರೆ ಜಾಗ ೪೪೦ ಚದರ ಅಂಗುಲವಾಗುತ್ತದೆ. ಊಟಕ್ಕೆ ಕೂರುವ ಮಣೆಯಷ್ಟು. ಟೈರಿನ ಪಕ್ಕೆಗಳೂ ಭಾರದ ಒಂದಂಶ ಹೊರುವುದರಿಂದ ಲೆಕ್ಕ ಅಚ್ಚುಕಟ್ಟಾಗಿ ಹೀಗೆಯೇ ಬರಲಾರದು. ತತ್ತ್ವ ಮಾತ್ರ ಇದೇ. ಒಂಟೆಯ ಪಾದ ಮರಳಿನ ಮೇಲೆ ಹರಡಿಕೊಳ್ಳುವಂತೆ ಟೈರು ಹಿಮದ ಮೇಲೆ ಹರಡಿಕೊಳ್ಳುತ್ತದೆ. ಮನುಷ್ಯ ಇಳಿದು ಹೆಜ್ಜೆಯಿಟ್ಟರೆ ಮೊಣಕಾಲವರೆಗೆ ಹೂತುಹೋಗುವಲ್ಲಿ ಟ್ರಕ್ಕು ತೇಲಿಕೊಂಡು ಹೋಗುತ್ತದೆ. ಸಣ್ಣ ಟೈರಿನ ಗಾಳಿ ಬಿಟ್ಟರೆ ಗಾಲಿಯ ಉಕ್ಕಿನ ಅಂಚು ನೆಲಕ್ಕೆ ತಾಗಿಬಿಡುತ್ತದೆ. ಅಷ್ಟು ಗಾಳಿ ಬಿಡಲು ಟೈರು ದೊಡ್ಡದೇ ಆಗಬೇಕು.

ಅಲ್ಲಿ ೩೮, ೪೪ ಅಂಗುಲದ ಟೈರುಗಳಿಗೆ ಮೈಯನ್ನು ಎತ್ತುವುದು ಕೆಲಸದ ಒಂದು ಪಾಲು ಮಾತ್ರ. ಮಡ್‌ಗಾರ್ಡನ್ನು ಕತ್ತರಿಸಿ ಅಗಲದ ಹೊಸ ಕಮಾನು ಕೂರಿಸುತ್ತಾರೆ. ಹೆಚ್ಚು ಎತ್ತುವುದಕ್ಕಿಂತ ಹೆಚ್ಚು ಕತ್ತರಿಸುವುದು ಲೇಸು, ತೂಕ ಕೆಳಗೇ ಇರಲಿ ಎಂಬುದು ಅಲ್ಲಿಯ ಪಳಗಿದ ಕೈಗಳ ಮತ. ಗಾಳಿ ಕಡಿಮೆಯಾದ ಟೈರು ಹಿಮಬಯಲಿನ ನಡುವೆ ಗಾಲಿಯ ಅಂಚಿನಿಂದ ಜಾರಿಬಿಟ್ಟರೆ, ಒಳಗೆ ಉರಿಯುವ ಅನಿಲವನ್ನು ಸಿಂಪಡಿಸಿ ಕಿಡಿ ತಾಗಿಸುತ್ತಾರೆ. ಧಡ್ ಎಂಬ ಶಬ್ದದೊಡನೆ ಟೈರು ತನ್ನ ಸ್ಥಾನಕ್ಕೆ ಹಾರಿ ಕೂರುತ್ತದೆ. ನೋಡುವುದಕ್ಕೆ ಸೊಗಸು, ಮನೆಯಲ್ಲಿ ಪರೀಕ್ಷಿಸತಕ್ಕ ವಿದ್ಯೆ ಮಾತ್ರ ಅಲ್ಲ.

ಈ ವಾಹನಗಳನ್ನು ನೆಚ್ಚಿದವರಲ್ಲಿ ಮುಖ್ಯರು ಅಲ್ಲಿಯ ರಕ್ಷಣಾ ದಳದವರು. ಐಸ್‌ಲೆಂಡಿನಲ್ಲಿ ಸ್ಥಾಯೀ ಸೈನ್ಯವಿಲ್ಲ. ಬಿರುಗಾಳಿಯ ರಾತ್ರಿ ಹಿಮದಲ್ಲಿ ಯಾರಾದರೂ ಸಿಕ್ಕಿಕೊಂಡರೆ ಹುಡುಕಹೊರಡುವವರು ಸಂಬಳವಿಲ್ಲದ ಸ್ವಯಂಸೇವಕರು. ಹಗಲಿನಲ್ಲಿ ಬಡಗಿ, ಉಪಾಧ್ಯಾಯ, ಅಂಗಡಿಕಾರ. ಹೊಸ ವರ್ಷದ ಹಿಂದಿನ ದಿನಗಳಲ್ಲಿ ಪಟಾಕಿ ಮಾರಿ ದಳದ ಖರ್ಚಿನ ದೊಡ್ಡ ಪಾಲನ್ನು ಅವರು ಹೊಂದಿಸಿಕೊಳ್ಳುತ್ತಾರೆ. ಎದುರಿಗೆ ಹತ್ತಡಿ ಕಾಣದ ಬಿರುಗಾಳಿಯಲ್ಲಿ, ಬಿರುಕುಗಳ ಬಾಯಿ ಹಿಮದಿಂದ ಮುಚ್ಚಿರುವ ಹಿಮನದಿಯ ಮೇಲೆ ಹೊರಟವನಿಗೆ ತನ್ನ ಸ್ಟಿಯರಿಂಗ್ ಸರಳಿನ ಬೋಲ್ಟು ಬಿಗಿಯಾಗಿದೆಯೇ ಎಂಬುದು ಹವ್ಯಾಸದ ಪ್ರಶ್ನೆಯಲ್ಲ. ದಾರಿ ಕಾಯುತ್ತ ಕುಳಿತವನ ಪ್ರಾಣವೂ ಆ ಬೋಲ್ಟಿಗೇ ತಗುಲಿಕೊಂಡಿದೆ. ಆದುದರಿಂದ ಮಾರ್ಪಡಿಸಿದ ವಾಹನ ವಿಶೇಷ ತಪಾಸಣೆಗೆ ಒಳಪಟ್ಟು, ನೋಂದಣಿಯಲ್ಲಿ ಹಾಗೆಂದು ದಾಖಲಾದ ಬಳಿಕವೇ ರಸ್ತೆಗೆ ಇಳಿಯಬೇಕೆಂದು ಅಲ್ಲಿ ನಿಯಮ ಮಾಡಿದ್ದಾರೆ.

ಭಾರತಕ್ಕೂ ಈ ವಿದ್ಯೆಯ ಋಣ ಒಂದಿಷ್ಟು ಉಂಟು. ೨೦೧೦ರ ನವೆಂಬರಿನಲ್ಲಿ, ರಸಿಕ್ ರವೀಂದ್ರ ಅವರ ನೇತೃತ್ವದಲ್ಲಿ ಎಂಟು ಮಂದಿಯ ಭಾರತೀಯ ವೈಜ್ಞಾನಿಕ ತಂಡ ಅಂಟಾರ್ಕ್ಟಿಕದ ನಮ್ಮ ಮೈತ್ರಿ ನೆಲೆಯಿಂದ ದಕ್ಷಿಣ ಧ್ರುವಕ್ಕೆ ಹೊರಟಿತು. ದಾರಿ ಎರಡು ಸಾವಿರ ಕಿಲೋಮೀಟರಿಗೂ ಮಿಗಿಲು. ಗಾಳಿ ಕೆತ್ತಿದ ಕಲ್ಲಿನಂಥ ಹಿಮದ ದಿಣ್ಣೆಗಳು. ಧ್ರುವದ ಎತ್ತರವೇ ೨,೮೩೫ ಮೀಟರು. ಅವರನ್ನು ಹೊತ್ತದ್ದು ಐಸ್‌ಲೆಂಡಿನ ಆರ್ಕ್ಟಿಕ್ ಟ್ರಕ್ಸ್ ಸಂಸ್ಥೆ ಮಾರ್ಪಡಿಸಿದ ವಾಹನಗಳು. ನವೆಂಬರ್ ೨೨ರಂದು ತಂಡ ಧ್ರುವವನ್ನು ಮುಟ್ಟಿತು.

ನಮ್ಮ ರಸ್ತೆಗಳ ಮಾತು ಬೇರೆ. ೧೯೮೮ರ ಮೋಟಾರು ವಾಹನ ಅಧಿನಿಯಮದ ೫೨ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಆರು ತಿಂಗಳವರೆಗಿನ ಸೆರೆಯನ್ನೂ ಮಾರ್ಪಾಡೊಂದಕ್ಕೆ ೫,೦೦೦ ರೂಪಾಯಿ ದಂಡವನ್ನೂ ವಿಧಿಸಲು ಅವಕಾಶ ಮಾಡಿತು. ಬೆಂಗಳೂರಿನ ಸಂದಣಿಯಲ್ಲಿ ಎತ್ತರದ ಜೀಪಿನ ಮೇಲೆ ಕುಳಿತವನಿಗೆ ಮುಂದಿನ ಸ್ಕೂಟರೂ ಅದರ ಮೇಲಿನ ಮಗುವೂ ಬಾನೆಟ್ಟಿನ ಮರೆಯಲ್ಲಿ ಕಾಣದೆ ಹೋಗುವ ಸಂಭವವನ್ನು ನೆನೆದರೆ, ಈ ಕಟ್ಟುನಿಟ್ಟಿಗೆ ಬೇಸರಪಡಬೇಕಾದುದಿಲ್ಲ.

ಅಮೆರಿಕದ ಅಂಗಳದಲ್ಲಿ ಭಾನುವಾರದ ಸಂಜೆ ಟ್ರಕ್ಕು ಹೊಸ ಎತ್ತರದಲ್ಲಿ ನಿಂತಿದೆ. ಹುಡುಗ ಗೆಳೆಯರನ್ನು ಕರೆದು ತೋರಿಸುತ್ತಾನೆ. ಬೀದಿಯ ಕೊನೆಯವರೆಗೆ ಒಂದು ಸುತ್ತು ಹೋಗಿ ಬರುತ್ತಾನೆ. ಬಿಲ್ಲೆಗಳ ಜೊತೆಗೆ ಬರುವ ಸೂಚನಾಪತ್ರದಲ್ಲಿ ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿ ಒಂದು ಮಾತಿರುತ್ತದೆ: ಮೊದಲ ಐನೂರು ಮೈಲಿ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ಹೊಸ ಬಿಲ್ಲೆ ಭಾರಕ್ಕೆ ಒಗ್ಗಿ ಕೂದಲೆಳೆಯಷ್ಟು ತಗ್ಗುತ್ತದೆ, ಬೋಲ್ಟು ಅಷ್ಟೇ ಸಡಿಲವಾಗುತ್ತದೆ. ಐನೂರು ಮೈಲಿಯಾಗುವ ಹೊತ್ತಿಗೆ ಗೆಳೆಯರ ಹೊಗಳಿಕೆ ಹಳತಾಗಿರುತ್ತದೆ, ಟೈರಿಗೆ ಕೆಸರು ಮೆತ್ತಿರುತ್ತದೆ. ಆಗಲೂ ಸ್ಪಾನರು ಹಿಡಿದು, ಹಳೆಯ ಚಾಪೆ ಹಾಸಿ, ಟ್ರಕ್ಕಿನ ಕೆಳಗೆ ಬೆನ್ನಮೇಲೆ ಮಲಗಿ, ಹತ್ತೂ ಹದಿನಾಲ್ಕೂ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುವ ಹುಡುಗನ ಗಾಡಿಯಲ್ಲಿ ಅವನ ತಾಯಿ ಧೈರ್ಯವಾಗಿ ಕೂರಬಹುದು.